ಅಲೆ ಹುಡುಕುವ ಮೊದಲು ಗದ್ದಲ ಕಲಿಯಬೇಕು: ಲೈಗೋ ಡೇಟಾ ಜೊತೆ ನನ್ನ ಅನುಭವ

ನನ್ನ ಕಸುಬು ಕಂಪನ ಅಳೆಯುವುದು. ಕಾರ್ಖಾನೆಗಳಲ್ಲಿ ಮೋಟಾರು, ಪಂಪುಗಳ ಮೈಮೇಲೆ ಸೆನ್ಸರ್ ಕೂರಿಸಿ, ಬಂದ ಡೇಟಾ ನೋಡಿ ಯಾವ ಬೇರಿಂಗ್ ಸವೆಯುತ್ತಿದೆ ಅಂತ ಹೇಳುತ್ತೇನೆ. ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೋ ಡಿಟೆಕ್ಟರುಗಳ ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಅಂತ ಗೊತ್ತಾದಾಗ, ಇದೂ ಕಂಪನದ ಡೇಟಾನೇ ಅಲ್ವಾ, ಒಂದು ಕೈ ನೋಡೋಣ ಅನ್ನಿಸಿತು. 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಸಿಕ್ಕ, ಎರಡು ಕಪ್ಪುಕುಳಿಗಳು ಸೇರಿ ಒಂದಾದಾಗ ಹೊರಟ ಗುರುತ್ವದ ಅಲೆಯನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಮತ್ತೆ ಹುಡುಕಿ ತೆಗೆದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಅಲೆ ಕಣ್ಣಿಗೆ ಕಾಣುವ ಹಾಗೆ ಮಾಡೋದಕ್ಕೆ ಒಂದು ಸಂಜೆ ಸಾಕು. ಅದು ಸುಮ್ನೆ ಗದ್ದಲದಲ್ಲಿ ಹುಟ್ಟಿದ್ದಲ್ಲ ಅಂತ ಧೈರ್ಯವಾಗಿ ಹೇಳೋದಕ್ಕೆ ತಿಂಗಳುಗಳೇ ಹಿಡಿದವು. ನನಗೆ ಹೆಚ್ಚು ಕಲಿಸಿದ್ದು ಆ ಎರಡನೇ ಕೆಲಸ.

ಫೈಲಿನಲ್ಲಿ ಇರುವುದು ಉದ್ದಕ್ಕೂ ಸಂಖ್ಯೆಗಳು, ಸೆಕೆಂಡಿಗೆ 4096. ಸೆಕೆಂಡಿಗೆ 16384 ಇರುವ ಫೈಲೂ ಸಿಗುತ್ತದೆ, ಆದರೆ ಈ ಕೆಲಸಕ್ಕೆ 4096 ಧಾರಾಳ ಸಾಕು. ಡಿಟೆಕ್ಟರಿನ ಎರಡು ತೋಳುಗಳ ಉದ್ದದಲ್ಲಿ ಆದ ವ್ಯತ್ಯಾಸವನ್ನು ತೋಳಿನ ಉದ್ದದಿಂದ ಭಾಗಿಸಿದರೆ ಬರುವುದೇ ಈ ಸಂಖ್ಯೆ. ತೋಳು 4 ಕಿ.ಮೀ. ಇದೆ. ಆ ದಿನದ ಅಲೆಯಿಂದ ಆದ ವ್ಯತ್ಯಾಸ ಪ್ರೋಟಾನಿನ ಅಗಲದಲ್ಲಿ ಸುಮಾರು ನಾನೂರನೇ ಒಂದು ಪಾಲು. ಅದನ್ನು ಅಳೆಯಲು 40 ಕಿಲೋ ತೂಕದ ಕನ್ನಡಿಗಳನ್ನು ಗಾಜಿನ ಎಳೆಗಳಲ್ಲಿ ತೂಗುಹಾಕಿದ್ದಾರೆ. ಒಂದರ ಕೆಳಗೆ ಒಂದರಂತೆ ನಾಲ್ಕು ಹಂತದ ಲೋಲಕ ಅದು, ನೆಲದ ಅದುರು ಕನ್ನಡಿಗೆ ಮುಟ್ಟದ ಹಾಗೆ. ಇಷ್ಟು ಮಾಡಿದರೂ 10 ಹರ್ಟ್ಸ್‌ಗಿಂತ ಕೆಳಗೆ ನೆಲವೇ ಗೆಲ್ಲುತ್ತದೆ. ನಾನು ಲೆಕ್ಕ ಶುರು ಮಾಡುವುದು 20 ಹರ್ಟ್ಸ್‌ನಿಂದ.

ಮೊದಲು ತೆಗೆದಿದ್ದು ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಕಂಪನ ಇದೆ ಅಂತ ತೋರಿಸುವ ಗ್ರಾಫ್. ನನ್ನ ಕಸುಬಿನಲ್ಲೂ ಅದೇ ಮೊದಲ ಹೆಜ್ಜೆ. ಒಂದು ಗಂಟೆಗಿಂತ ತುಸು ಜಾಸ್ತಿ ಇರುವ ಡೇಟಾವನ್ನು 4 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದರ ಸ್ಪೆಕ್ಟ್ರಮ್ ತೆಗೆದು, ಎಲ್ಲವನ್ನೂ ಸೇರಿಸಿದೆ. ಸೇರಿಸುವಾಗ ಸರಾಸರಿ ತಗೊಳ್ಳಲಿಲ್ಲ, ಪ್ರತಿ ಫ್ರೀಕ್ವೆನ್ಸಿಯಲ್ಲೂ ಮಧ್ಯದ ಬೆಲೆಯನ್ನು ತಗೊಂಡೆ. ಯಾವುದೋ ಒಂದು ತುಂಡಿನಲ್ಲಿ ದೊಡ್ಡ ಜರ್ಕ್ ಇದ್ದರೆ ಸರಾಸರಿ ಪೂರ್ತಿ ಮೇಲಕ್ಕೆ ಹೋಗುತ್ತದೆ, ಮಧ್ಯದ ಬೆಲೆ ಅಷ್ಟಾಗಿ ಅಲುಗುವುದಿಲ್ಲ.

ಆ ಗ್ರಾಫನ್ನು ತುಂಬಾ ಹೊತ್ತು ನೋಡಿದೆ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕಡಿದಾದ ಗೋಡೆ, ನಡುವೆ ತಗ್ಗು, ಆಮೇಲೆ ನಿಧಾನವಾಗಿ ಏರು. ಅದರ ಮೇಲೆ ಅಲ್ಲಲ್ಲಿ ಸೂಜಿಯಂತೆ ನಿಂತ ಗೆರೆಗಳು. ನಮ್ಮ ಕಾರ್ಖಾನೆಯ ಡೇಟಾದಲ್ಲಿ ಕರೆಂಟಿನ ಗೆರೆ 50 ಹರ್ಟ್ಸ್‌ನಲ್ಲಿ ಬರುತ್ತದೆ. ಇಲ್ಲಿ ಅದು 60ರಲ್ಲಿತ್ತು, ಜೊತೆಗೆ 120, 180ರಲ್ಲಿ ಅದರ ಮರಿಗಳು. ಅಮೆರಿಕದ ಕರೆಂಟು ಹಾಗೆಯೇ ತಾನೇ. 500 ಹರ್ಟ್ಸ್ ಹತ್ತಿರ ಒಂದು ಗುಂಪು ಗೆರೆಗಳು, ಅವು ಕನ್ನಡಿ ತೂಗುವ ಗಾಜಿನ ಎಳೆಗಳು ತಂತಿಯಂತೆ ಮಿಡಿಯುವ ಸದ್ದು. ಹ್ಯಾನ್‌ಫರ್ಡ್ ಡಿಟೆಕ್ಟರಿನಲ್ಲಿ (ಲೈಗೋದ ಎರಡು ಡಿಟೆಕ್ಟರುಗಳಲ್ಲಿ ಇದೊಂದು, ಇನ್ನೊಂದು ಲಿವಿಂಗ್‌ಸ್ಟನ್‌ನಲ್ಲಿದೆ) 331.9 ಹರ್ಟ್ಸ್‌ಗೆ ಒಂದು ಚೊಕ್ಕ ಗೆರೆ ಇತ್ತು. ಅದನ್ನು ಅವರೇ ಬೇಕಂತ ಹಾಕಿರುವುದು. ಇನ್ನೊಂದು ಸಣ್ಣ ಲೇಸರಿನಿಂದ ಕನ್ನಡಿಯನ್ನು ಗೊತ್ತಿರುವಷ್ಟೇ ಬಲದಲ್ಲಿ ತಳ್ಳುತ್ತಾರೆ, ಡಿಟೆಕ್ಟರು ಅದನ್ನು ಎಷ್ಟು ಅಂತ ತೋರಿಸುತ್ತದೆ ನೋಡಿ ಅಳತೆ ಸರಿಪಡಿಸುತ್ತಾರೆ. ಒಂದೊಂದು ಗೆರೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಇಡೀ ಯಂತ್ರದ ಪರಿಚಯವಾಗುತ್ತದೆ. ಹೊಸಬರು ಈ ಹೆಜ್ಜೆಯನ್ನು ಹಾರಿಸಿ ಮುಂದೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮುಂದಿನದು ಗದ್ದಲವನ್ನು ಸಮ ಮಾಡುವುದು. ಡೇಟಾದ ಪ್ರತಿ ಫ್ರೀಕ್ವೆನ್ಸಿಯನ್ನೂ ಆ ಫ್ರೀಕ್ವೆನ್ಸಿಯ ಗದ್ದಲದಿಂದ ಭಾಗಿಸಬೇಕು. ಆಗ ಜೋರಾಗಿ ಕೂಗುವ ಭಾಗಗಳೆಲ್ಲ ತಣ್ಣಗಾಗುತ್ತವೆ. 35ರಿಂದ 350 ಹರ್ಟ್ಸ್ ಮಾತ್ರ ಉಳಿಸಿಕೊಂಡು, ಭಾರತದ ಸಮಯ ಮಧ್ಯಾಹ್ನ 3 ಗಂಟೆ 20 ನಿಮಿಷ 45ನೇ ಸೆಕೆಂಡಿನ ಸುತ್ತಮುತ್ತ ಗ್ರಾಫ್ ಹಾಕಿದೆ. ಅಲೆ ಅಲ್ಲೇ ಇತ್ತು! ಕಾಲು ಸೆಕೆಂಡಿಗೂ ಕಡಿಮೆ. ಏರುತ್ತಾ, ಬಿಗಿಯಾಗುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆ. ಲಿವಿಂಗ್‌ಸ್ಟನ್‌ಗೆ ಮೊದಲು ಬಂತು, ಸುಮಾರು 7 ಮಿಲಿಸೆಕೆಂಡ್ ಆದ ಮೇಲೆ ಹ್ಯಾನ್‌ಫರ್ಡ್‌ಗೆ. ಎರಡರ ತೋಳುಗಳು ಬೇರೆ ಬೇರೆ ದಿಕ್ಕಿಗೆ ಇರುವುದರಿಂದ ಒಂದರ ಅಲೆ ಇನ್ನೊಂದಕ್ಕೆ ತಲೆಕೆಳಗು. ಹ್ಯಾನ್‌ಫರ್ಡ್‌ನದನ್ನು ತಿರುಗಿಸಿ, 7 ಮಿಲಿಸೆಕೆಂಡ್ ಸರಿಸಿ, ಒಂದರ ಮೇಲೊಂದು ಇಟ್ಟರೆ ಕೂರುತ್ತವೆ. ಮೂರು ಸಾವಿರ ಕಿ.ಮೀ. ದೂರದ ಎರಡು ಯಂತ್ರಗಳು ಒಂದೇ ಆಕಾರವನ್ನು ಬರೆದಿವೆ. ಅವತ್ತು ನನಗೆ ಆದ ಖುಷಿಯನ್ನು ಬರೆದು ತಿಳಿಸುವುದು ಕಷ್ಟ.

ಇಲ್ಲೇ ಒಂದು ಲೆಕ್ಕ ಮಾಡಿ ನೋಡಿ. ಅಲೆ ಸೊನ್ನೆಯನ್ನು ದಾಟುವ ಕ್ಷಣಗಳನ್ನು ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ಹಿಡಿದ ಸಮಯದಿಂದ ಫ್ರೀಕ್ವೆನ್ಸಿ ತೆಗೆಯಿರಿ. ಅದರ ಮೈನಸ್ 8/3 ಘಾತವನ್ನು ಸಮಯದ ಎದುರು ಗ್ರಾಫ್ ಹಾಕಿದರೆ ಹೆಚ್ಚುಕಮ್ಮಿ ನೇರ ಗೆರೆ ಬರುತ್ತದೆ. ಆ ಗೆರೆಯ ಇಳಿಜಾರಿನಲ್ಲಿ ಎರಡು ಕಾಯಗಳ ತೂಕ ಬೆರೆತ ಒಂದು ಸಂಖ್ಯೆ ಅಡಗಿದೆ, ಅದು ಎರಡರ ಮೊತ್ತ ಅಲ್ಲ. ಕೈಲೆಕ್ಕಕ್ಕೆ ಅದು 30ರ ಮೇಲೆ, 40 ಸೂರ್ಯರ ಒಳಗೆ ಬರುತ್ತದೆ. ಸೂಕ್ಷ್ಮ ಲೆಕ್ಕದಲ್ಲಿ ಡಿಟೆಕ್ಟರಿಗೆ ಕಂಡಿದ್ದು ಸುಮಾರು 30. ಇಷ್ಟು ತೂಕದ ಎರಡು ಕಾಯಗಳು ಇಷ್ಟು ಹತ್ತಿರ ಸುತ್ತಬೇಕಾದರೆ ಕಪ್ಪುಕುಳಿ ಬಿಟ್ಟು ಬೇರೆ ಯಾವುದಕ್ಕೂ ಜಾಗ ಇಲ್ಲ.

ಆದರೆ ಕಣ್ಣಿಗೆ ಕಾಣುವಷ್ಟು ಜೋರಾದ ಅಲೆಗಳು ಅಪರೂಪ. ಉಳಿದವಕ್ಕೆ ಮ್ಯಾಚ್ಡ್ ಫಿಲ್ಟರ್ ಬೇಕು. ಮೆಜೆಸ್ಟಿಕ್ ಗದ್ದಲದಲ್ಲೂ ಕಂಡಕ್ಟರ್ ನಮ್ಮೂರಿನ ಹೆಸರು ಕೂಗಿದರೆ ತಟ್ಟನೆ ಕಿವಿಗೆ ಬೀಳುತ್ತದಲ್ಲ, ಯಾಕಂದರೆ ಏನು ಕೇಳಬೇಕು ಅಂತ ಮೊದಲೇ ಗೊತ್ತಿರುತ್ತದೆ. ಇಲ್ಲೂ ಹಾಗೆಯೇ. ಅಲೆಯ ಆಕಾರವನ್ನು ಐನ್‌ಸ್ಟೈನ್ ಸಮೀಕರಣಗಳಿಂದ ಮೊದಲೇ ಲೆಕ್ಕ ಹಾಕಿ, ಅದನ್ನು ಡೇಟಾದ ಮೇಲೆ ಉದ್ದಕ್ಕೂ ಜಾರಿಸುತ್ತಾ, ಎಲ್ಲಿ ಹೊಂದುತ್ತದೆ ಅಂತ ನೋಡುವುದು. ಈ ದಾರಿಯಲ್ಲಿ ನಮ್ಮವರ ದುಡಿಮೆ ದೊಡ್ಡದು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿ ಸಂಜೀವ್ ಧುರಂಧರ್ ಮತ್ತು ಬಿ. ಎಸ್. ಸತ್ಯಪ್ರಕಾಶ್ ಅವರು ಯಾವ ಯಾವ ಆಕಾರಗಳನ್ನು ಆರಿಸಿಟ್ಟುಕೊಂಡು ಹುಡುಕಬೇಕು ಅಂತ 1991ರಲ್ಲೇ ಬರೆದಿದ್ದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಾಲಾ ಅಯ್ಯರ್ ಅವರು ಫ್ರೆಂಚ್ ವಿಜ್ಞಾನಿಗಳ ಜೊತೆ ಅಲೆಯ ಆಕಾರವನ್ನು ಹಂತ ಹಂತವಾಗಿ ಲೆಕ್ಕ ಹಾಕಿದರು. ಅಲೆಯ ಕೊನೆಯ ತುಣುಕು, ಅಂದರೆ ಹೊಸ ಕಪ್ಪುಕುಳಿ ಮಿಡಿದು ತಣ್ಣಗಾಗುವ ಭಾಗ, ಅದನ್ನು ಮೊದಲು ಕಂಡವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, 1970ರಲ್ಲಿ. ನಮಗೆ ನೆಹರೂ ತಾರಾಲಯ ಕಟ್ಟಿಕೊಟ್ಟವರೂ ಅವರೇ. 2016ರ ಫೆಬ್ರವರಿಯಲ್ಲಿ ಅಲೆ ಸಿಕ್ಕ ಸುದ್ದಿ ಹೊರಬಂದಾಗ ಅವರು ಇನ್ನೂ ನಮ್ಮ ಜೊತೆ ಇದ್ದರು ಅನ್ನುವುದು ನನಗೆ ತುಂಬಾ ಸಮಾಧಾನದ ವಿಷಯ.

ನಾನು ಪೈಸಿಬಿಸಿ ಅನ್ನುವ ಪೈಥಾನ್ ಲೈಬ್ರರಿಯಿಂದ 39 ಮತ್ತು 32 ಸೂರ್ಯರ ತೂಕದ ಜೋಡಿಗೆ ಟೆಂಪ್ಲೇಟ್, ಅಂದರೆ ಲೆಕ್ಕ ಹಾಕಿದ ಅಲೆಯ ಆಕಾರ, ಮಾಡಿಕೊಂಡೆ. ಪತ್ರಿಕೆಗಳಲ್ಲಿ ಬಂದಿದ್ದು 36 ಮತ್ತು 29. ಬ್ರಹ್ಮಾಂಡ ಹಿಗ್ಗುವುದರಿಂದ ಅಲೆಯೂ ಎಳೆದಂತಾಗಿ, ಡಿಟೆಕ್ಟರಿಗೆ ತೂಕ ಶೇಕಡಾ 9ರಷ್ಟು ಜಾಸ್ತಿ ಕಾಣುತ್ತದೆ. ಫಿಲ್ಟರ್ ಓಡಿಸಿದ ಮೇಲೆ ಎರಡೂ ತುದಿಯ ಕೆಲವು ಸೆಕೆಂಡುಗಳನ್ನು ಕತ್ತರಿಸಿ ಬಿಸಾಕಬೇಕು. ಅಲ್ಲಿ ಡೇಟಾದ ಬಾಲ ತಲೆಗೆ ಸುತ್ತಿಕೊಂಡು ಸುಳ್ಳು ಶಿಖರಗಳು ಏಳುತ್ತವೆ. ಉಳಿದ ಗ್ರಾಫಿನಲ್ಲಿ ಫಿಲ್ಟರಿನ ಬೆಲೆ, ಅಂದರೆ ಗದ್ದಲಕ್ಕೆ ಹೋಲಿಸಿದರೆ ಅಲೆ ಎಷ್ಟು ಪಟ್ಟು ಜೋರು ಅನ್ನುವ ಸಂಖ್ಯೆ, ಹ್ಯಾನ್‌ಫರ್ಡ್‌ಗೆ ಸುಮಾರು 20, ಲಿವಿಂಗ್‌ಸ್ಟನ್‌ಗೆ ಸುಮಾರು 13 ಬಂತು. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 24. ಲೈಗೋದವರು ಪ್ರಕಟಿಸಿದ್ದೂ ಅಷ್ಟೇ.

24 ಅಂದರೆ ದೊಡ್ಡದೋ ಸಣ್ಣದೋ? ಆ ಸಂಖ್ಯೆ ಒಂದನ್ನೇ ಇಟ್ಟುಕೊಂಡರೆ ಏನೂ ಹೇಳಕ್ಕಾಗಲ್ಲ. ಗದ್ದಲ ಎಷ್ಟೇ ಸಾಧುವಾಗಿದ್ದರೂ ಒಂದು ಗಂಟೆಯ ಡೇಟಾದಲ್ಲಿ ಫಿಲ್ಟರಿನ ಬೆಲೆ ತಾನಾಗಿಯೇ 5 ಮುಟ್ಟುತ್ತದೆ. ಲೈಗೋದ ಗದ್ದಲ ಅಷ್ಟು ಸಾಧುವೂ ಅಲ್ಲ. ಗ್ಲಿಚ್ ಅಂತ ಕರೆಯುವ ಜರ್ಕ್‌ಗಳು ಬರುತ್ತಲೇ ಇರುತ್ತವೆ. ಅದರಲ್ಲಿ ಬ್ಲಿಪ್ ಅನ್ನುವ ಜಾತಿ ಕೆಟ್ಟದ್ದು. ಕ್ಷಣಮಾತ್ರದ ಮಿಡಿತ, ಭಾರದ ಕಪ್ಪುಕುಳಿಗಳ ಅಲೆಯನ್ನೇ ಹೋಲುತ್ತದೆ. ಕೆಲವದರ ಮೂಲ ಸಿಗುತ್ತದೆ. ಹ್ಯಾನ್‌ಫರ್ಡ್‌ನಲ್ಲಿ ದ್ರವ ನೈಟ್ರೋಜನ್ ಕೊಳವೆಯ ಮೇಲೆ ಕಟ್ಟಿದ ಹಿಮವನ್ನು ಬಾಯಾರಿದ ದೊಡ್ಡ ಕಾಗೆಗಳು ಕುಕ್ಕುತ್ತಿದ್ದವು, ಆ ಕುಕ್ಕಿನ ಗುರುತು ಡೇಟಾದಲ್ಲಿ ಸಿಕ್ಕಿತ್ತು. ಅಲೆ ಯಾವುದು, ಗ್ಲಿಚ್ ಯಾವುದು ಅಂತ ತಿಳಿಯಲು ಭೌತವಿಜ್ಞಾನಿ ಬ್ರೂಸ್ ಆಲನ್ ಕೊಟ್ಟ ಪರೀಕ್ಷೆ ಒಂದಿದೆ. ಟೆಂಪ್ಲೇಟನ್ನು ಫ್ರೀಕ್ವೆನ್ಸಿ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯೂ ತನ್ನ ಪಾಲನ್ನು ಕೊಟ್ಟಿದೆಯಾ ಅಂತ ನೋಡುವುದು. ನಿಜವಾದ ಅಲೆ ಎಲ್ಲ ಪಟ್ಟಿಗಳಲ್ಲೂ ಸರಿಯಾಗಿ ಹಂಚಿಕೊಂಡಿರುತ್ತದೆ. ಗ್ಲಿಚ್ ಒಂದೆರಡು ಕಡೆ ಮಾತ್ರ ಗುಡ್ಡೆ ಬಿದ್ದಿರುತ್ತದೆ.

ಇಷ್ಟಾದರೂ ಪ್ರಶ್ನೆ ಉಳಿಯುತ್ತದೆ: ಎರಡು ಡಿಟೆಕ್ಟರುಗಳ ಗದ್ದಲ ಆಕಸ್ಮಿಕವಾಗಿ ಒಂದೇ ಹೊತ್ತಿಗೆ ಏಳುವುದು ಎಷ್ಟು ಸಲ? ಇದನ್ನು ಅಳೆಯುವ ಉಪಾಯ ಬಲು ಚೆನ್ನಾಗಿದೆ. ಒಂದು ಡಿಟೆಕ್ಟರಿನ ಡೇಟಾವನ್ನು ಸಮಯದಲ್ಲಿ ಸ್ವಲ್ಪ ಸರಿಸಿಬಿಡಿ. ಬೆಳಕು ಒಂದರಿಂದ ಇನ್ನೊಂದಕ್ಕೆ ಹೋಗಲು 10 ಮಿಲಿಸೆಕೆಂಡ್ ಸಾಕು, ಅಳತೆಯ ತಪ್ಪಿಗೆ ಇನ್ನೊಂದು 5 ಬಿಡಿ. ಅದಕ್ಕಿಂತ ಜಾಸ್ತಿ ಸರಿಸಿದ ಮೇಲೆ ಎರಡೂ ಕಡೆ ಒಟ್ಟಿಗೆ ಕಾಣುವುದು ಆಕಸ್ಮಿಕವೇ, ಅಲೆ ಆಗಿರಲು ಸಾಧ್ಯವಿಲ್ಲ. 4096 ಸೆಕೆಂಡಿನ ಡೇಟಾವನ್ನು 0.1 ಸೆಕೆಂಡಿನ ಹೆಜ್ಜೆಯಲ್ಲಿ ಸುತ್ತಲೂ ಸರಿಸಿದರೆ ಸುಮಾರು 41 ಸಾವಿರ ಜೋಡಿಗಳು ಬರುತ್ತವೆ. ಎಲ್ಲ ಸೇರಿ 5 ವರ್ಷಕ್ಕೂ ಜಾಸ್ತಿ ಅವಧಿಯ ಆಕಸ್ಮಿಕಗಳು, ಒಂದೇ ಗಂಟೆಯ ಡೇಟಾದಿಂದ! ಲೈಗೋದವರು 16 ದಿನಗಳ ಡೇಟಾದಿಂದ ಹೀಗೆ 6,08,000 ವರ್ಷ ತೆಗೆದರು. ಹುಡುಕಾಟ ಮೂರು ಗುಂಪುಗಳಲ್ಲಿ ನಡೆದಿದ್ದರಿಂದ ಮೂರರಿಂದ ಭಾಗಿಸಿ, ಇಂಥ ಆಕಸ್ಮಿಕ 2,03,000 ವರ್ಷಕ್ಕೆ ಒಂದಕ್ಕಿಂತ ಕಡಿಮೆ ಅಂತ ಹೇಳಿದರು.

ನನ್ನ ಗ್ರಾಫಿನಲ್ಲಿ ಒಂದು ವಿಷಯ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಸರಿಸಿದ ಜೋಡಿಗಳಲ್ಲೂ 20ರ ಮೇಲೆ ಒಂದು ಗುಂಪು ನಿಂತಿತ್ತು. ಹ್ಯಾನ್‌ಫರ್ಡ್‌ನ ನಿಜವಾದ ಅಲೆ ಲಿವಿಂಗ್‌ಸ್ಟನ್‌ನ ಬರೀ ಗದ್ದಲದ ಜೊತೆ ಜೋಡಿಯಾಗಿ ಹುಟ್ಟಿದವು ಅವು. ಇವನ್ನು ತೆಗೆದುಹಾಕಿದರೆ ಗ್ರಾಫ್ ಅಂದವಾಗುತ್ತದೆ. ಆದರೆ ತೆಗೆದರೆ "ಇದು ಅಲೆ" ಅಂತ ಮೊದಲೇ ತೀರ್ಮಾನ ಮಾಡಿದ ಹಾಗಾಯಿತು, ಅದನ್ನೇ ತಾನೇ ನಾವು ಪರೀಕ್ಷೆ ಮಾಡುತ್ತಿರುವುದು? ಲೈಗೋದ ಮೊದಲ ಪ್ರಬಂಧದಲ್ಲಿ ಇವನ್ನು ಇಟ್ಟುಕೊಂಡ ಗೆರೆ, ತೆಗೆದ ಗೆರೆ ಎರಡನ್ನೂ ತೋರಿಸಿದ್ದಾರೆ. ನಾನೂ ಎರಡನ್ನೂ ಇಟ್ಟೆ. ಅವನ್ನು ಉಳಿಸಿಕೊಂಡೇ ಲೆಕ್ಕ ಹಾಕಿದರೂ 24ರ ಹತ್ತಿರಕ್ಕೆ ಯಾವ ಜೋಡಿಯೂ ಬರಲಿಲ್ಲ. ಈ ಒಂದು ಗ್ರಾಫಿಗೆ ನಾನು ಕೊಟ್ಟಷ್ಟು ಸಮಯ ಬೇರೆ ಯಾವುದಕ್ಕೂ ಕೊಡಲಿಲ್ಲ, ಕೊಟ್ಟಿದ್ದು ಸಾರ್ಥಕ.

ಈಗ 2017ರ ಆಗಸ್ಟ್ 17ರ ಡೇಟಾ ಹಿಡಿದಿದ್ದೇನೆ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಿದ್ದು. ಅಲೆ ಸುಮಾರು 100 ಸೆಕೆಂಡ್ ಕಾಣುತ್ತದೆ. ಡಿಕ್ಕಿಗೆ 1.1 ಸೆಕೆಂಡ್ ಮುಂಚೆ ಲಿವಿಂಗ್‌ಸ್ಟನ್‌ನಲ್ಲಿ ದೊಡ್ಡ ಗ್ಲಿಚ್ ಒಂದು ಅಲೆಯ ಮೇಲೇ ಕೂತಿದೆ. ಆ ಭಾಗವನ್ನು ನಯವಾದ ಕಿಟಕಿಯಿಂದ ಸೊನ್ನೆ ಮಾಡಿ ಫಿಲ್ಟರ್ ಓಡಿಸಿದರೆ ಅಲೆ ಹೊರಬರುತ್ತದೆ. ಕತ್ತರಿಸುವ ಅಂಚು ಚೂಪಾಗಿದ್ದರೆ ಅಂಚೇ ಹೊಸ ಗ್ಲಿಚ್ ಆಗುತ್ತದೆ, ಜೋಪಾನ. ಗ್ಲಿಚ್ ಅನ್ನು ಲೆಕ್ಕ ಹಾಕಿ ಕಳೆದ ಫೈಲನ್ನೂ ಲೈಗೋದವರು ಕೊಟ್ಟಿದ್ದಾರೆ. ನಾನು ಕೊಳೆಯಿರುವ ಫೈಲಿನಿಂದಲೇ ಶುರು ಮಾಡಿ, ಆಮೇಲೆ ಅದರ ಜೊತೆ ಹೋಲಿಸುತ್ತಿದ್ದೇನೆ.

ಶುರು ಮಾಡುವವರಿಗೆ: 2015ರ ಅಲೆಗೆ 32 ಸೆಕೆಂಡಿನ ಫೈಲ್ ಬೇಡ, 4096 ಸೆಕೆಂಡಿನದನ್ನೇ ತಗೊಳ್ಳಿ. ಗದ್ದಲ ಸರಿಯಾಗಿ ಅಳೆಯಲು ಅಷ್ಟಾದರೂ ಬೇಕು. 8 ಜಿಬಿ ಮೆಮೊರಿ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಫೈಲಿನ ಜೊತೆ ಬರುವ ಡೇಟಾ ಗುಣಮಟ್ಟದ ಗುರುತುಗಳನ್ನು ಓದಿಕೊಂಡೇ ಮುಂದೆ ಹೋಗಿ. ಮತ್ತೆ, ಟೆಂಪ್ಲೇಟ್ ಮುಟ್ಟುವ ಮೊದಲು ಸ್ಪೆಕ್ಟ್ರಮ್ ಗ್ರಾಫನ್ನು ಪ್ರಿಂಟ್ ತೆಗೆದು, ಪ್ರತಿ ಗೆರೆಯ ಪಕ್ಕದಲ್ಲೂ ಅದು ಏನು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ.