ಗದ್ದಲ ತೆಗೆಯಿರಿ, ದನಿಯನ್ನು ಉಳಿಸಿಕೊಳ್ಳಿ

ಮಾತಿನ ಧ್ವನಿಮುದ್ರಣದಲ್ಲಿ ಫ್ಯಾನಿನ ಮೊರೆತ, ಕೀಬೋರ್ಡಿನ ಟಕಟಕ ಸೇರಿಕೊಂಡಿದ್ದರೆ ಆರ್‌ಎನ್‌ನಾಯ್ಸ್ ಬಳಸಿ ನೋಡಿ. ಇದು ಉಚಿತ, ಮುಕ್ತ ತಂತ್ರಾಂಶ. ಪರದೆ ಮುದ್ರಣ, ನೇರಪ್ರಸಾರಕ್ಕೆ ಬಳಸುವ ಒಬಿಎಸ್ ಸ್ಟುಡಿಯೋ ತಂತ್ರಾಂಶದ ಶಬ್ದ ತಗ್ಗಿಸುವ ಫಿಲ್ಟರ್‌ನಲ್ಲಿಯೂ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಹಳೆಯ ವಿಧಾನಕ್ಕೆ ಬರಿಯ ಗದ್ದಲದ ತುಣುಕೊಂದನ್ನು ಮಾದರಿಯಾಗಿ ಕೊಡಬೇಕಿತ್ತು. ಒಂದೇ ಸಮನೆ ಬರುವ ಮೊರೆತಕ್ಕೆ ಅದು ಈಗಲೂ ಸಾಕು. ಗದ್ದಲ ಬದಲಾಗುತ್ತಿದ್ದರೆ ಸೋಲುತ್ತದೆ. ಆರ್‌ಎನ್‌ನಾಯ್ಸ್‌ನೊಳಗಿನ ಯಂತ್ರಕಲಿಕೆಯ ಮಾದರಿಯಾದರೋ ಮಾತು ಹೇಗಿರುತ್ತದೆ, ಗದ್ದಲ ಹೇಗಿರುತ್ತದೆ ಎಂಬುದನ್ನು ಮೊದಲೇ ಕಲಿತಿರುತ್ತದೆ. ಧ್ವನಿಯನ್ನು 10 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ಪರಿಶೀಲಿಸುತ್ತಾ, ಯಾವ ಆವರ್ತನವನ್ನು ಎಷ್ಟು ತಗ್ಗಿಸಬೇಕೆಂದು ಪ್ರತಿ ಹೆಜ್ಜೆಯಲ್ಲೂ ನಿರ್ಧರಿಸುತ್ತದೆ.

ಎಚ್ಚರ ಬೇಕಾದದ್ದು ಇಲ್ಲಿ. ಸ, ಶ, ಹ ಅಕ್ಷರಗಳು ಸ್ವಭಾವತಃ ಗದ್ದಲದಂತೆಯೇ ಇರುತ್ತವೆ. 'ಹಸಿರು' ಎಂದದ್ದು 'ಅಸಿರು' ಎಂದು ಕೇಳಿಸಬಹುದು. ವಾಕ್ಯದ ಕೊನೆಯಲ್ಲಿ ಇಳಿಯುವ ದನಿ ಪೂರಾ ನುಂಗಿಹೋಗಬಹುದು. ಹಾಗಾಗಿ ನಾನು ಸ್ವಚ್ಛವಾದ ಪ್ರತಿಯ ಕೆಳಗೆ ಮೂಲ ಧ್ವನಿಯನ್ನೂ ತುಸು ಬೆರೆಸುತ್ತೇನೆ. ಸ್ವಲ್ಪ ಮೊರೆತ ಉಳಿಯುತ್ತದೆ ನಿಜ, ಆದರೆ ಮಾತು ಮನುಷ್ಯರದ್ದಾಗಿಯೇ ಕೇಳಿಸುತ್ತದೆ. ಎರಡೂ ಟ್ರ್ಯಾಕ್‌ಗಳು ಕರಾರುವಾಕ್ಕಾಗಿ ಹೊಂದಿಕೊಂಡಿರಬೇಕು, ಇಲ್ಲವಾದರೆ ದನಿ ಟೊಳ್ಳಾಗುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ: ಸ್ವಚ್ಛ ಪ್ರತಿಯ ಧ್ವನಿ ಅಲೆಯನ್ನು ತಲೆಕೆಳಗು (ಇನ್ವರ್ಟ್) ಮಾಡಿ ಮೂಲದೊಂದಿಗೆ ಕೂಡಿಸಿ. ಆಗ ತೆಗೆದುಹಾಕಿದ ಭಾಗವಷ್ಟೇ ಕೇಳಿಸುತ್ತದೆ. ಅದರಲ್ಲಿ ಪದಗಳು ಗುರುತು ಸಿಗುವಂತಿದ್ದರೆ ಫಿಲ್ಟರ್ ಅತಿಯಾಗಿದೆ ಎಂದರ್ಥ.

ಸಂಗೀತಕ್ಕೆ ಇದನ್ನು ಹಾಕಲೇಬೇಡಿ, ವಾದ್ಯಗಳನ್ನೇ ಗದ್ದಲವೆಂದು ಅಳಿಸಿಬಿಡುತ್ತದೆ. ಮೂಲ ಕಡತವನ್ನು ಮಾತ್ರ ಯಾವತ್ತೂ ಅಳಿಸಬೇಡಿ.