ಆಫೀಸ್ ಪ್ರಿಂಟರ್ ನೇರವಾಗಿ ಕ್ಲೌಡ್‌ಗೆ ಸೇರುತ್ತದೆಯೇ? ನಾನು ಪರೀಕ್ಷಿಸುವ ಬಗೆ

ಡಬ್ಬಿಯ ಮೇಲೆ ವೈಫೈ, ಏರ್‌ಪ್ರಿಂಟ್, ಮೊಪ್ರಿಯಾ (ಕೊನೆಯ ಎರಡೂ ಫೋನ್‌ನಿಂದ ಪ್ರಿಂಟ್ ಮಾಡುವ ವ್ಯವಸ್ಥೆಗಳು) ಗುರುತುಗಳಿದ್ದ ಮಾತ್ರಕ್ಕೆ ಅದು ಕ್ಲೌಡ್ ಪ್ರಿಂಟರ್ ಅಲ್ಲ. ಏರ್‌ಪ್ರಿಂಟ್ ಕೆಲಸ ಮಾಡುವುದು ಆಫೀಸಿನ ನೆಟ್‌ವರ್ಕ್‌ನೊಳಗೆ. ನಾನು ನೋಡುವುದು ಒಂದನ್ನೇ: ಮಧ್ಯೆ ಯಾವ ಕಂಪ್ಯೂಟರೂ ಇಲ್ಲದೆ ಯಂತ್ರ ತಾನೇ ಕ್ಲೌಡ್ ಸೇವೆಯಲ್ಲಿ ನೋಂದಣಿಯಾಗಿ, ಅಲ್ಲಿಂದ ಪ್ರಿಂಟ್ ಜಾಬ್ ಎಳೆದುಕೊಳ್ಳುತ್ತದೆಯೇ? ಹಳೆಯ ಯಂತ್ರಗಳ ಮೇಲಿರುವ 'ಗೂಗಲ್ ಕ್ಲೌಡ್ ಪ್ರಿಂಟ್ ರೆಡಿ' ಸ್ಟಿಕರ್ ನಂಬಬೇಡಿ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತಿತು. ಮೈಕ್ರೋಸಾಫ್ಟ್ 365 ಬಳಸುವ ಆಫೀಸಿನಲ್ಲಿ ಈಗ ಹುಡುಕಬೇಕಾದದ್ದು ಮೈಕ್ರೋಸಾಫ್ಟ್‌ನದೇ ಕ್ಲೌಡ್ ಪ್ರಿಂಟ್ ಸೇವೆಯಾದ ಯೂನಿವರ್ಸಲ್ ಪ್ರಿಂಟ್. ಇಲ್ಲಿ ಬರೆದಿರುವುದು ಅದರ ಬಗ್ಗೆಯೇ.

ಮೊದಲು ಪ್ರಿಂಟರ್‌ನ ಮೆನುವಿನಿಂದ ಕಾನ್ಫಿಗರೇಶನ್ ಪೇಜ್ ತೆಗೆಯುತ್ತೇನೆ. ಪೂರ್ತಿ ಮಾಡೆಲ್ ಹೆಸರು, ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಆವೃತ್ತಿ, ಐಪಿ ವಿಳಾಸ ಮೂರೂ ಅದರಲ್ಲಿರುತ್ತವೆ. ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರಗಳನ್ನೂ ಬಿಡದೆ ಬರೆದುಕೊಳ್ಳಿ. ಒಂದೇ ಸರಣಿಯಲ್ಲಿ ಒಂದಕ್ಕೆ ನೆಟ್‌ವರ್ಕ್ ಇರುತ್ತದೆ, ಇನ್ನೊಂದಕ್ಕೆ ಬರೀ ಯುಎಸ್‌ಬಿ. ಆ ಹೆಸರನ್ನು ಮೈಕ್ರೋಸಾಫ್ಟ್‌ನ ಯೂನಿವರ್ಸಲ್ ಪ್ರಿಂಟ್ ರೆಡಿ ಪಟ್ಟಿಯಲ್ಲಿ ಹುಡುಕುತ್ತೇನೆ.

ಆಮೇಲೆ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ಯಂತ್ರದ ಒಳಪುಟ ತೆರೆಯುತ್ತದೆ. ಕ್ಯಾನನ್‌ನಲ್ಲಿ ಇದಕ್ಕೆ ರಿಮೋಟ್ ಯುಐ, ಎಪ್ಸನ್‌ನಲ್ಲಿ ವೆಬ್ ಕಾನ್ಫಿಗ್, ಕ್ಯೋಸೆರಾದಲ್ಲಿ ಕಮಾಂಡ್ ಸೆಂಟರ್, ರಿಕೋದಲ್ಲಿ ವೆಬ್ ಇಮೇಜ್ ಮಾನಿಟರ್ ಎಂದು ಹೆಸರು. ಅಡ್ಮಿನ್ ಆಗಿ ಲಾಗಿನ್ ಆಗದಿದ್ದರೆ ಕ್ಲೌಡ್ ಆಯ್ಕೆ ಕಾಣಿಸದೇ ಇರಬಹುದು, ಇದನ್ನು ಮರೆತು 'ಸೌಲಭ್ಯ ಇಲ್ಲ' ಎಂದು ತೀರ್ಮಾನಿಸುವವರು ಬಹಳ. ನೆಟ್‌ವರ್ಕ್ ಅಥವಾ ಪ್ರೋಟೋಕಾಲ್ ವಿಭಾಗದಲ್ಲಿ ಯೂನಿವರ್ಸಲ್ ಪ್ರಿಂಟ್ ಎಂಬ ಸಾಲು ಹುಡುಕಿ. ಪಟ್ಟಿಯಲ್ಲಿ ಮಾಡೆಲ್ ಇದ್ದೂ ಇಲ್ಲಿ ಸಾಲು ಇಲ್ಲವೆಂದರೆ ಮೊದಲು ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಮತ್ತೆ ನೋಡಿ.

ಸಾಲು ಸಿಕ್ಕಿತೆಂದರೆ ರಿಜಿಸ್ಟರ್ ಒತ್ತುತ್ತೇನೆ. ಯಂತ್ರ ಒಂದು ಕೋಡ್ ಕೊಡುತ್ತದೆ. ಅದನ್ನು ಮೈಕ್ರೋಸಾಫ್ಟ್‌ನ ಡಿವೈಸ್ ಲಾಗಿನ್ ಪುಟದಲ್ಲಿ ಹಾಕಿ, ಪ್ರಿಂಟರ್ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಿಂದ ಒಪ್ಪಿಗೆ ಕೊಡಬೇಕು. ಕೋಡ್‌ಗೆ ಆಯಸ್ಸು ಕಡಿಮೆ, ಆ ಖಾತೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಶುರುಮಾಡಿ.

ಹೆಚ್ಚಿನ ತೊಂದರೆ ಬರುವುದು ಇಲ್ಲೇ. ಪ್ರಿಂಟರ್‌ಗೆ ಕೈಯಾರೆ ಸ್ಥಿರ ಐಪಿ ಕೊಟ್ಟವರು ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗುವ ದಾರಿ), ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸರ್ವರ್) ಖಾಲಿ ಬಿಟ್ಟಿರುತ್ತಾರೆ. ಆಫೀಸಿನೊಳಗೆ ಪ್ರಿಂಟ್ ಚೆನ್ನಾಗಿಯೇ ಬರುತ್ತಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಯಂತ್ರಕ್ಕೆ ಹೊರಗಿನ ದಾರಿಯೇ ಗೊತ್ತಿರುವುದಿಲ್ಲ. ಎರಡನೆಯದು ಗಡಿಯಾರ. ಪ್ರಿಂಟರ್‌ನ ದಿನಾಂಕ ಹಲವು ವರ್ಷ ಹಿಂದಿದ್ದರೆ ಸರ್ವರ್‌ನ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಇನ್ನೂ ಜಾರಿಗೇ ಬಂದಿಲ್ಲವೆಂದು ತಿಳಿದು ಸಂಪರ್ಕ ನಿರಾಕರಿಸುತ್ತದೆ. ಸಮಯವಲಯವನ್ನು +5:30ಕ್ಕೆ ಇಟ್ಟು ಸಮಯ ಸರಿಪಡಿಸಿ. ಮೂರನೆಯದು ಫೈರ್‌ವಾಲ್: ಪ್ರಿಂಟರ್‌ನಿಂದ ಹೊರಹೋಗುವ 443 ಪೋರ್ಟ್ ತೆರೆದಿರಬೇಕು. ಹೊರಗಿನಿಂದ ಒಳಕ್ಕೆ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ. ಯಾರಾದರೂ ತೆರೆಯಲು ಹೇಳಿದರೆ ದಯವಿಟ್ಟು ಒಪ್ಪಬೇಡಿ, ಪ್ರಿಂಟರನ್ನು ಇಂಟರ್ನೆಟ್ಟಿಗೆ ಬಯಲಾಗಿಡುವುದು ದೊಡ್ಡ ಅಪಾಯ.

ನೋಂದಣಿ ಮುಗಿದರೂ ನೌಕರರಿಗೆ ಪ್ರಿಂಟರ್ ಕಾಣುವುದಿಲ್ಲ. ಮೈಕ್ರೋಸಾಫ್ಟ್‌ನ ಅಜೂರ್ ಪೋರ್ಟಲ್‌ನ ಯೂನಿವರ್ಸಲ್ ಪ್ರಿಂಟ್ ಪುಟದಲ್ಲಿ ಅದನ್ನು ಶೇರ್ ಮಾಡಿ, ಯಾರಿಗೆ ಬೇಕೋ ಅವರನ್ನು ಸೇರಿಸಬೇಕು.

ಈಗ ನಿಜವಾದ ಪರೀಕ್ಷೆ. ಪ್ರಿಂಟ್ ಸರ್ವರ್ (ಎಲ್ಲರ ಪ್ರಿಂಟ್ ಜಾಬ್ ಹಾದುಹೋಗುವ ಕಂಪ್ಯೂಟರ್) ಇದ್ದರೆ ಆಫೀಸ್ ವೇಳೆ ಮುಗಿದ ಮೇಲೆ ಆಫ್ ಮಾಡುತ್ತೇನೆ. ಆಫೀಸ್ ಖಾತೆಯಿರುವ ಲ್ಯಾಪ್‌ಟಾಪನ್ನು ಆಫೀಸ್ ವೈಫೈನಿಂದ ಬಿಡಿಸಿ, ವಿಪಿಎನ್ ನಿಲ್ಲಿಸಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ಎರಡು ಪುಟದ ಪಿಡಿಎಫ್ ಕಳಿಸುತ್ತೇನೆ. ಕಾಗದ ಹೊರಬಂದರೆ ನೇರ ಕ್ಲೌಡ್ ಬೆಂಬಲ ಇದೆ. ಜಾಬ್ ತಲುಪಿಯೂ ಯಂತ್ರ ಕಾಗದ ಕೇಳುತ್ತ ನಿಂತರೆ ಟ್ರೇ ಅಳತೆ ಲೆಟರ್ ಎಂದಿದೆಯೇ ನೋಡಿ, ಎ4 ಮಾಡಿ. ಪ್ರಿಂಟರನ್ನು ಹದಿನೈದು ಇಪ್ಪತ್ತು ನಿಮಿಷ ನಿದ್ರೆಗೆ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡುತ್ತೇನೆ. ಎಚ್ಚರವಿದ್ದಾಗ ಬಂದದ್ದು ನಿದ್ರೆಯಲ್ಲಿ ಬರದಿದ್ದರೆ ಸ್ಲೀಪ್ ಸೆಟ್ಟಿಂಗ್ ಬದಲಿಸಬೇಕು.

ಒಳಪುಟದಲ್ಲಿ ಆಯ್ಕೆಯೇ ಇಲ್ಲದ ಯಂತ್ರಕ್ಕೆ ಕ್ಲೌಡ್‌ಗೂ ಪ್ರಿಂಟರ್‌ಗೂ ಮಧ್ಯೆ ಸೇತುವೆಯಾಗುವ ಯೂನಿವರ್ಸಲ್ ಪ್ರಿಂಟ್ ಕನೆಕ್ಟರ್ ಎಂಬ ತಂತ್ರಾಂಶ ಉಂಟು. ಅದನ್ನು ಒಂದು ವಿಂಡೋಸ್ ಪಿಸಿಯಲ್ಲಿ ಹಾಕಿ, ಆ ಪಿಸಿ ಸದಾ ಆನ್ ಇರುವಂತೆ, ಸ್ಲೀಪ್‌ಗೆ ಹೋಗದಂತೆ ನೋಡಿಕೊಳ್ಳಬೇಕು. ಕರೆಂಟ್ ಹೋಗುವ ಕಡೆ ಅದಕ್ಕೆ ಯುಪಿಎಸ್ ಕೊಡಿ, ಕರೆಂಟ್ ಬಂದೊಡನೆ ತಾನೇ ಆನ್ ಆಗುವಂತೆ ಬಯೋಸ್‌ನಲ್ಲೂ (ಪಿಸಿ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಸೆಟ್ ಮಾಡಿ.