ನೈಟ್ರಸ್ ಇಂಜಿನ್ನಿಗೆ ರಿಂಗ್ ಗ್ಯಾಪ್ ಇಡುವ ಕ್ರಮ: ಕಲಬುರಗಿಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು

ಪಿಸ್ಟನ್ನಿನ ಸುತ್ತ ತೊಡಿಸುವ, ಒಂದೆಡೆ ಕತ್ತರಿಸಿದ ಲೋಹದ ಬಳೆಯೇ ಪಿಸ್ಟನ್ ರಿಂಗ್; ಅದರ ಎರಡು ತುದಿಗಳ ನಡುವೆ ಉಳಿಯುವ ಸಂದನ್ನು ಗ್ಯಾರೇಜುಗಳಲ್ಲಿ ರಿಂಗ್ ಗ್ಯಾಪ್ ಎನ್ನುತ್ತಾರೆ. ಸಾಮಾನ್ಯ ಪೆಟ್ರೋಲ್ ಇಂಜಿನ್ನಿಗೆ ರಿಂಗ್ ಸೆಟ್ಟನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ತೊಡಿಸಿದರೂ ಹೆಚ್ಚಿನ ಸಲ ನಡೆದುಹೋಗುತ್ತದೆ. ಶಕ್ತಿ ಹೆಚ್ಚಿಸಲು ಬಾಟಲಿಯಿಂದ ನೈಟ್ರಸ್ (ನೈಟ್ರಸ್ ಆಕ್ಸೈಡ್ ಅನಿಲ) ಕೂಡಿಸುವ ಇಂಜಿನ್ನಿನಲ್ಲಿ ಅದೇ ಅಭ್ಯಾಸ ಪಿಸ್ಟನ್ನನ್ನೇ ಬಲಿ ತೆಗೆದುಕೊಳ್ಳಬಹುದು. ಇಂಥ ಇಂಜಿನ್ ಸ್ಪರ್ಧೆಯ ಟ್ರ್ಯಾಕಿಗೆ ಮಾತ್ರ ಸೇರಿದ್ದು. ನೋಂದಾಯಿತ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಗಾಳಿಯ ತೂಕದಲ್ಲಿ ಸುಮಾರು ಶೇ. 23ರಷ್ಟು ಆಮ್ಲಜನಕವಿದ್ದರೆ ನೈಟ್ರಸ್ ಆಕ್ಸೈಡಿನಲ್ಲಿ ಅದು ಶೇ. 36ರಷ್ಟಿದೆ. ಸಿಲಿಂಡರಿನ ಒಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗ ಅದು ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಜೊತೆಗೆ ಹಾಯಿಸಿದ ಹೆಚ್ಚುವರಿ ಪೆಟ್ರೋಲ್ ಉರಿದು, ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ನಿನ ತಲೆಯೂ ಮೇಲಿನ ರಿಂಗೂ ವಿಪರೀತ ಕಾಯುತ್ತವೆ. ಸಿಲಿಂಡರ್ ಗೋಡೆಯ ಬೆನ್ನಿಗೆ ನೀರು ಹರಿಯುವುದರಿಂದ ಅದು ರಿಂಗಿನಷ್ಟು ಕಾಯುವುದಿಲ್ಲ, ಆದ್ದರಿಂದ ರಿಂಗಿನಷ್ಟು ಹಿಗ್ಗುವುದೂ ಇಲ್ಲ. 75 ಮಿ.ಮೀ. ವ್ಯಾಸದ ಬೋರಿನ (ಸಿಲಿಂಡರಿನ ಒಳರಂಧ್ರದ) ಸುತ್ತಳತೆ ಸುಮಾರು 236 ಮಿ.ಮೀ.; ಎರಕದ ಕಬ್ಬಿಣದ ರಿಂಗು ಗೋಡೆಗಿಂತ 100 ಡಿಗ್ರಿ ಹೆಚ್ಚು ಕಾದರೆ ಅದರ ಉದ್ದ 0.26 ಮಿ.ಮೀ.ನಷ್ಟು ಬೆಳೆಯುತ್ತದೆ. ಬಿಟ್ಟಿದ್ದ ಸಂದು 0.30 ಮಿ.ಮೀ. ಆಗಿದ್ದರೆ ಉಳಿಯುವುದು ಕೂದಲೆಳೆಯಷ್ಟೂ ಅಲ್ಲ. ಅದೂ ಮುಗಿದು ತುದಿಗಳು ಒಂದಕ್ಕೊಂದು ತಾಗಿದವೆಂದರೆ ಮುಂದೆ ಹಿಗ್ಗಲು ಜಾಗವಿಲ್ಲದ ರಿಂಗು ಗೋಡೆಯನ್ನು ಒತ್ತಿ ಕೆರೆಯುತ್ತದೆ, ಕಚ್ಚಿಕೊಳ್ಳುತ್ತದೆ, ಕೊನೆಗೆ ತಾನು ಕುಳಿತ ತೋಡಿನ ಮೇಲಿನ ಅಂಚನ್ನೇ ಕಿತ್ತುಹಾಕುತ್ತದೆ.

ಗ್ಯಾಪ್ ಸ್ವಲ್ಪ ಹೆಚ್ಚಾದರೆ ಆಗುವ ನಷ್ಟ ಇದರ ಮುಂದೆ ಬಹಳ ಸಣ್ಣದು. ಬಾಟಲಿ ಬಂದ್ ಇರುವಾಗ ಎಳೆತ ತುಸು ಕುಂದುತ್ತದೆ, ಕ್ರ್ಯಾಂಕ್‌ಕೇಸಿಗೆ (ಪಿಸ್ಟನ್ನಿನ ಕೆಳಗಿನ, ಆಯಿಲ್ ಇರುವ ಭಾಗಕ್ಕೆ) ಇಳಿಯುವ ಹೊಗೆ ಹೆಚ್ಚಿ ಆಯಿಲ್ ಬೇಗ ಕೆಡುತ್ತದೆ. ಹಾಗಾಗಿ ಸಂದೇಹ ಬಂದಲ್ಲಿ ಸಂದು ಹಿರಿದಾಗಿಯೇ ಇರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಿಸ್ಟನ್ ತಯಾರಕರು ಕೊಟ್ಟ ಕಾಗದದಲ್ಲಿ ಅಳತೆ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಬೋರಿನ ವ್ಯಾಸವನ್ನು ಗುಣಿಸಿ ತೆಗೆಯುವ ಲೆಕ್ಕವಿದೆ. ಸಾದಾ ಇಂಜಿನ್ನಿಗೆ 0.004ರಿಂದ, ಹಗುರವಾದ ನೈಟ್ರಸ್‌ಗೆ 0.005ರಿಂದ, ಭಾರಿ ಪ್ರಮಾಣದ ಸ್ಪರ್ಧೆಯ ನೈಟ್ರಸ್‌ಗೆ 0.007ರಿಂದ ಗುಣಿಸಬೇಕು. 75 ಮಿ.ಮೀ. ಬೋರಿಗೆ ಇವು ಕ್ರಮವಾಗಿ 0.30, 0.38 ಮತ್ತು 0.53 ಮಿ.ಮೀ. ಆಗುತ್ತವೆ. ಎರಡನೆಯ ರಿಂಗಿನ ಗ್ಯಾಪ್ ಮೇಲಿನದಕ್ಕಿಂತ ತುಸು ಹೆಚ್ಚಿರಲಿ. ಮೇಲಿನಿಂದ ನುಸುಳಿದ ಅನಿಲ ಬೇಗ ಕೆಳಗೆ ಹೋಗದಿದ್ದರೆ ಎರಡು ರಿಂಗುಗಳ ನಡುವೆ ಒತ್ತಡ ಕಟ್ಟಿ ಮೇಲಿನ ರಿಂಗನ್ನು ಅದರ ಕೂರುವಿಕೆಯಿಂದ ಎತ್ತಿಬಿಡುತ್ತದೆ.

ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ಗ್ಯಾಪ್ ಬಹಳಷ್ಟು ಹೆಚ್ಚಿಸಬೇಕೆಂದು ಕೆಲವರು ತಿಳಿಯುತ್ತಾರೆ. ಕೂಲಿಂಗ್ ವ್ಯವಸ್ಥೆ ಸರಿಯಿದ್ದರೆ ಥರ್ಮೋಸ್ಟಾಟ್ ನೀರಿನ ಬಿಸಿಯನ್ನು ಚಳಿಗಾಲದಲ್ಲಿ ಹಿಡಿದಂತೆಯೇ ಬೇಸಿಗೆಯಲ್ಲೂ ಹಿಡಿದಿಡುತ್ತದೆ. ಆದ್ದರಿಂದ ಬಿಸಿಲು ರಿಂಗನ್ನು ನೇರವಾಗಿ ಕಾಡುವುದು ಕಡಿಮೆ, ಬಾಟಲಿಯ ಮೂಲಕ ಕಾಡುವುದೇ ಹೆಚ್ಚು. ನೈಟ್ರಸ್ 36.4 ಡಿಗ್ರಿಯ ಮೇಲೆ ದ್ರವವಾಗಿ ಉಳಿಯುವುದೇ ಇಲ್ಲ. ಆ ಮಟ್ಟದಲ್ಲೇ ಒತ್ತಡ ಸುಮಾರು 72 ಬಾರ್ ಇರುತ್ತದೆ, ತುಂಬಿದ ಬಾಟಲಿಯಲ್ಲಿ ಅದರಾಚೆ ರಭಸದಿಂದ ಏರುತ್ತದೆ. ಜೆಟ್ (ನೈಟ್ರಸ್, ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರದ ಬಿಡಿಭಾಗ) ಆರಿಸಿದಾಗ ನಂಬಿದ್ದ ಅಳತೆ ಆಗ ತಪ್ಪಿ, ಪೆಟ್ರೋಲಿನ ಪಾಲು ಕಡಿಮೆ ಬಿದ್ದು ಉರಿ ತೀರಾ ಬಿಸಿಯಾಗುವ ಅಪಾಯವಿದೆ. ಚಳಿ ದೇಶದವರು ಬಾಟಲಿಗೆ ಹೀಟರ್ ಕಟ್ಟುತ್ತಾರೆ. ನಾವು ಮೇ ತಿಂಗಳಲ್ಲಿ ನೆರಳು, ಒದ್ದೆ ಗೋಣಿಚೀಲ ಮತ್ತು ಬೆಳಗಿನ ಹೊತ್ತನ್ನು ನೋಡಿಕೊಳ್ಳಬೇಕು. ಒತ್ತಡದ ಗೇಜ್ ಇಲ್ಲದ ಬಾಟಲಿಯನ್ನು ನಾನು ಜೋಡಿಸುವುದಿಲ್ಲ. ಇಷ್ಟೆಲ್ಲ ಜಾಗ್ರತೆಯ ಮೇಲೆ 0.05 ಮಿ.ಮೀ. ಹೆಚ್ಚು ಬಿಟ್ಟರೆ ಸಾಕು.

ಇನ್ನು ಕೈಕೆಲಸ. ಬೋರಿಂಗ್ (ಸಿಲಿಂಡರನ್ನು ಕೊರೆಯುವುದು), ಹೋನಿಂಗ್ (ಅದರ ಗೋಡೆಯನ್ನು ಸಾಣೆಯಿಂದ ಉಜ್ಜಿ ಹದಗೊಳಿಸುವುದು) ಮುಗಿದ ಬ್ಲಾಕನ್ನು ಸಾಬೂನಿನ ನೀರಿನಿಂದ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿದಾಗ ಕಪ್ಪು ಹತ್ತದಿರುವಷ್ಟು ಶುಚಿ ಮಾಡಿ ಎಣ್ಣೆ ಸವರಿ. ರಿಂಗುಗಳನ್ನು ಬರಿಯ ಶಹಾಬಾದ್ ಕಲ್ಲಿನ ಮೇಲೆ ಹರಡಬೇಡಿ, ಕಲ್ಲಿನ ಪುಡಿ ಅಂಟುತ್ತದೆ. ಶುಭ್ರ ಬಟ್ಟೆ ಹಾಸಿ, ಯಾವ ಸಿಲಿಂಡರಿನದು ಯಾವುದೆಂದು ಗುರುತಿಟ್ಟು ಜೋಡಿಸಿ. ರಿಂಗನ್ನು ಬೋರಿನೊಳಗೆ ಇಟ್ಟು, ತಲೆಕೆಳಗು ಮಾಡಿದ ಪಿಸ್ಟನ್ನಿನಿಂದ ಸುಮಾರು 25 ಮಿ.ಮೀ. ಕೆಳಗೆ ತಳ್ಳಿ, ಓರೆಯಾಗಿ ಕುಳಿತ ರಿಂಗು ಸುಳ್ಳು ಅಳತೆ ತೋರಿಸುತ್ತದೆ. ಹಳೆಯ ಬೋರಾದರೆ ಸವೆತ ಕಡಿಮೆ ಇರುವ ಕೆಳಭಾಗದಲ್ಲೇ ಅಳೆಯಬೇಕು, ಏಕೆಂದರೆ ವ್ಯಾಸದಲ್ಲಿ 0.02 ಮಿ.ಮೀ. ವ್ಯತ್ಯಾಸವಾದರೆ ಗ್ಯಾಪಿನಲ್ಲಿ 0.06 ಮಿ.ಮೀ. ವ್ಯತ್ಯಾಸವಾಗುತ್ತದೆ.

ಫೀಲರ್ ಗೇಜಿನ (ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳಿಂದ ಸಂದನ್ನು ಅಳೆಯುವ ಸಾಧನ) ಎಲೆ ಸಂದಿನಲ್ಲಿ ಸಣ್ಣ ಹಿಡಿತದೊಡನೆ ಜಾರಬೇಕು. ಕಡಿಮೆ ಬಂದರೆ ರಿಂಗಿನ ಒಂದೇ ತುದಿಯನ್ನು, ಹೊರಮೈಯಿಂದ ಒಳಮೈಯ ಕಡೆಗೆ ಮಾತ್ರ ಉಜ್ಜಿ. ವಿರುದ್ಧ ದಿಕ್ಕಿಗೆ ಉಜ್ಜಿದರೆ ಹೊರಮೈಯ ಲೇಪ ಚಕ್ಕೆ ಏಳುತ್ತದೆ. ನಾಲ್ಕೈದು ಸಲ ಉಜ್ಜಿ ಮತ್ತೆ ಅಳೆಯಿರಿ, ತೆಗೆದ ಲೋಹವನ್ನು ಮರಳಿ ಹಚ್ಚಲಾಗದು. ತುದಿಗಳು ಪರಸ್ಪರ ಸಮಾಂತರವಾಗಿರಬೇಕು. ಅಂಚಿನ ಮುಳ್ಳನ್ನು ನುಣುಪು ಸಾಣೆಕಲ್ಲಿನಿಂದ ತೆಗೆದು, ತಯಾರಕರ ಗುರುತು ಮೇಲ್ಮುಖವಾಗಿರುವಂತೆ ತೊಡಿಸಿ, ಒಂದರ ಗ್ಯಾಪ್ ಇನ್ನೊಂದರ ಕೆಳಗೆ ಬಾರದಂತೆ ತಿರುಗಿಸಿಡಿ.

ಮೊದಲ ಕೆಲವು ಓಟಗಳ ನಂತರ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿನಿಂದ ಎಷ್ಟು ಗಾಳಿ ಸೋರುತ್ತದೆ ಎಂದು ನೋಡುವುದು) ಮಾಡಿಸಿ, ಸಾಧ್ಯವಾದರೆ ಒಂದು ಪಿಸ್ಟನ್ ಹೊರತೆಗೆದು ರಿಂಗಿನ ತುದಿಗಳನ್ನು ನೋಡಿ. ಅವು ಮಾಸಲು ಕಪ್ಪಾಗಿದ್ದರೆ ಗ್ಯಾಪ್ ಸರಿಯಿದೆ. ಕನ್ನಡಿಯಂತೆ ಹೊಳೆಯುತ್ತಿದ್ದರೆ ತುದಿಗಳು ತಾಗಿವೆ. ಉಳಿದ ಪಿಸ್ಟನ್ನುಗಳನ್ನೂ ತೆಗೆದು ನೋಡಿ. ಎಲ್ಲ ಸಿಲಿಂಡರುಗಳಲ್ಲೂ ಹಾಗಿದ್ದರೆ ಇನ್ನೂ 0.05ರಿಂದ 0.08 ಮಿ.ಮೀ. ಉಜ್ಜಬೇಕು. ಒಂದೇ ಸಿಲಿಂಡರಿನಲ್ಲಿ ಹೊಳಪು ಕಂಡರೆ ರಿಂಗಿಗೆ ಕೈ ಹಚ್ಚುವ ಮೊದಲು ಆ ಸಿಲಿಂಡರಿಗೆ ಪೆಟ್ರೋಲ್ ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಿ.